ಐಡ್ಲಿಂಗ್‌ನಲ್ಲಿ ಗರಗರ ಎನ್ನುತ್ತಿದ್ದ ಎಂಜಿನ್ ಮತ್ತು ಬದಿಯಡ್ಕದ ಒಂದು ಗ್ಯಾರೇಜು

ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಪೆರ್ಲದ ಕಡೆಗೆ ಹೋಗುವ ರಸ್ತೆಯ ಬದಿಯಲ್ಲಿ, ಶೀಟು ಹೊದೆಸಿದ ಮಾಡಿನ ಕೆಳಗೆ ಮೂರು ಕಾರುಗಳಿಗಷ್ಟೇ ಜಾಗವಿರುವ ಒಂದು ಗ್ಯಾರೇಜಿದೆ. ಕಳೆದ ತಿಂಗಳು ಅಲ್ಲಿ ನನ್ನ ಕಾರಿನ ಎಂಜಿನ್ ಸದ್ದನ್ನು ಸರಿಪಡಿಸಿಕೊಂಡೆ. ಆ ಕೆಲಸ ನಡೆದ ರೀತಿ ಈ ಭಾಗದ ಕಾರು ಮಾಲಿಕರಿಗೆ ಉಪಯೋಗವಾಗಬಹುದೆಂದು ವಿವರವಾಗಿ ಬರೆಯುತ್ತಿದ್ದೇನೆ.

ನನ್ನದು ಹತ್ತು ವರ್ಷ ಹಳೆಯದಾದ, 1 ಲೀಟರಿನ, ಮೂರು ಸಿಲಿಂಡರಿನ ಪೆಟ್ರೋಲ್ ಕಾರು. ಓಡುವಾಗ ಯಾವ ತೊಂದರೆಯೂ ಇರಲಿಲ್ಲ. ಆದರೆ ರೈಲ್ವೆ ಗೇಟಿನಲ್ಲೋ ಪೇಟೆಯ ಟ್ರಾಫಿಕ್ಕಿನಲ್ಲೋ ನಿಂತು ಎಂಜಿನ್ ಐಡ್ಲಿಂಗ್‌ನಲ್ಲಿ, ಅಂದರೆ ಖಾಲಿ ಓಡುತ್ತಿದ್ದರೆ ಬಾನೆಟ್ಟಿನೊಳಗಿನಿಂದ ಒಂದು ಸದ್ದು ಬರುತ್ತಿತ್ತು, ಸ್ಟೇರಿಂಗ್ ಕೂಡ ನಡುಗುತ್ತಿತ್ತು. ಮೊದಲು ತೋರಿಸಿದ ದೊಡ್ಡ ವರ್ಕ್‌ಶಾಪಿನಲ್ಲಿ ಎರಡು ನಿಮಿಷ ಕೇಳಿ, ಟೈಮಿಂಗ್ ಚೈನ್ (ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ತೆರೆಸುವ, ಎಂಜಿನಿನ ಒಳಗಿನ ಸರಪಳಿ) ಸಡಿಲವಾಗಿದೆ, ಸೆಟ್ ಬದಲಿಸಲು 14,000 ರೂಪಾಯಿ ಆಗುತ್ತದೆ ಎಂದರು. ಸ್ಕ್ಯಾನರಿನಲ್ಲಿ ದೋಷ ತೋರಿಸುವ ಒಂದು ಕೋಡೂ ಬಂದಿರಲಿಲ್ಲ. ಆ ಅಂದಾಜಿಗೆ ಆಧಾರವೇನೆಂದು ಕೇಳಿದ್ದಕ್ಕೆ ಸರಿಯಾದ ಉತ್ತರ ಸಿಗಲಿಲ್ಲವಾದ್ದರಿಂದ ಕಾರನ್ನು ವಾಪಸು ತಂದೆ.

ಬದಿಯಡ್ಕದ ಮೇಸ್ತ್ರಿ ಬಾನೆಟ್ ತೆರೆಯುವ ಮೊದಲು ಕೇಳಿದ್ದು ಒಂದೇ ಪ್ರಶ್ನೆ: “ಮಾಷ್ಟ್ರೇ, ಸದ್ದು ಹೇಗೆ? ಟಕಟಕವೋ, ಕಿರ್ರ್ ಅಂತಲೋ, ಗರಗರವೋ?” ಮೂವತ್ತು ವರ್ಷ ಕನ್ನಡ ವ್ಯಾಕರಣ ಕಲಿಸುತ್ತಾ ಅನುಕರಣಾವ್ಯಯಗಳಿಗೆ ಉದಾಹರಣೆ ಕೊಟ್ಟವನಿಗೆ, ಅವು ರೋಗ ಪತ್ತೆಗೆ ಒದಗುವುದನ್ನು ಕಂಡು ನಿಜಕ್ಕೂ ಸಂತೋಷವಾಯಿತು. ಅವರ ಲೆಕ್ಕ ಹೀಗಿದೆ: ಕಿರ್ರ್ ಎಂದರೆ ಹೆಚ್ಚಾಗಿ ಬೆಲ್ಟು ಜಾರುವುದು, ಮಳೆಗಾಲದ ಬೆಳಿಗ್ಗೆ ಇದು ಜಾಸ್ತಿ. ಟಕಟಕ ಎಂದರೆ ವಾಲ್ವಿನ ಕಡೆ. ವಾಲ್ವುಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್, ಎಂಜಿನಿನ ಮುಖ್ಯ ದಂಡವಾದ ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುವುದರಿಂದ, ಎಂಜಿನ್ ನಿಮಿಷಕ್ಕೆ 800 ಸುತ್ತು ಹಾಕುವಾಗ ಒಂದು ವಾಲ್ವಿನ ಟಕಟಕ 400 ಸಲ ಮಾತ್ರ ಕೇಳುತ್ತದೆ. ಆಳದಿಂದ ಧಡಧಡ ಎಂದರೆ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಬೇರಿಂಗನ್ನು ಸಂಶಯಿಸಬೇಕು, ಅಂಥ ಗಾಡಿಯನ್ನು ಓಡಿಸಲೇಬಾರದು. ನನ್ನದು ಬಿಡುವಿಲ್ಲದ ಗರಗರ.

ಕಾರನ್ನು ರಾತ್ರಿ ಅಲ್ಲೇ ಬಿಡಲು ಹೇಳಿದರು. ಚೈನನ್ನು ಬಿಗಿಯಾಗಿಡುವ ಟೆನ್ಷನರ್ ದುರ್ಬಲವಾಗಿದ್ದರೆ, ರಾತ್ರಿಯಿಡೀ ತಣಿದ ಎಂಜಿನನ್ನು ಸ್ಟಾರ್ಟ್ ಮಾಡಿದ ಕೂಡಲೇ, ಆಯಿಲಿನ ಒತ್ತಡ ಏರುವ ಮೊದಲಿನ ಕೆಲವು ಕ್ಷಣಗಳಲ್ಲಿ ಸಾಮಾನ್ಯವಾಗಿ ಚೈನಿನ ಸದ್ದು ಜೋರಾಗಿ ಕೇಳಿಸುತ್ತದಂತೆ. ಮರುದಿನ ಬೆಳಿಗ್ಗೆ ನನ್ನೆದುರಿಗೇ ಡಿಪ್‌ಸ್ಟಿಕ್ ಎಳೆದು ಆಯಿಲ್ ನೋಡಿ ಸ್ಟಾರ್ಟ್ ಮಾಡಿದರು. ಆ ಸದ್ದು ಬರಲಿಲ್ಲ, ಗರಗರ ಮಾತ್ರ ಇತ್ತು. ಅನಂತರ ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಬ್ಯಾಟರಿಗೆ ಚಾರ್ಜ್ ಕೊಡುವ ಆಲ್ಟರ್ನೇಟರಿನ ಮೈಗೆ ಊರಿ, ಹಿಡಿಯನ್ನು ಕಿವಿಗೆ ಒತ್ತಿ ಆಲಿಸಿದರು; ತಿರುಗುವ ಬೆಲ್ಟಿನಿಂದ ದೂರ ಸರಿದು ನಿಲ್ಲುವಂತೆ ನನಗೆ ಎಚ್ಚರಿಕೆಯನ್ನೂ ಕೊಟ್ಟರು. ಆಮೇಲೆ ಎಂಜಿನ್ ನಿಲ್ಲಿಸಿ, ಬೆಲ್ಟನ್ನು ಬಿಚ್ಚಿ, ಮತ್ತೆ ಸ್ಟಾರ್ಟ್ ಮಾಡಿದರು. ಗರಗರ ಪೂರ್ತಿ ಹೋಗಿತ್ತು. ನೀರಿನ ಪಂಪೂ ಅದೇ ಬೆಲ್ಟಿನಿಂದ ತಿರುಗುವುದರಿಂದ ಅರ್ಧ ನಿಮಿಷದೊಳಗೆ ಆಫ್ ಮಾಡಿದರು. ಎಂಜಿನಿನ ಒಳಗೆ ದೋಷವಿಲ್ಲ, ಬೆಲ್ಟು ತಿರುಗಿಸುವ ಭಾಗಗಳಲ್ಲೇ ಇದೆ ಎಂಬುದು ಒಂದು ರೂಪಾಯಿಯ ಬಿಡಿಭಾಗವನ್ನೂ ಕೊಳ್ಳದೆ ಖಚಿತವಾಯಿತು. ಆಲ್ಟರ್ನೇಟರಿನ ಪುಲ್ಲಿಯನ್ನು ಕೈಯಿಂದ ತಿರುಗಿಸಲು ನನಗೂ ಕೊಟ್ಟರು; ಒಳಗೆ ಮರಳು ಇದ್ದಂತೆ ತರಿತರಿಯಾಗಿತ್ತು. ಪಂಪಿನ ಪುಲ್ಲಿ ನುಣ್ಣಗೆ ತಿರುಗಿತು.

ಸ್ಟೇರಿಂಗಿನ ನಡುಕಕ್ಕೆ ಕಾರಣ ಬೇರೆ. ಎಂಜಿನನ್ನು ಕಾರಿಗೆ ಹಿಡಿದಿಡುವ ಮೌಂಟಿನ ರಬ್ಬರು ಹರಿದಿತ್ತು. ಮೂರು ಸಿಲಿಂಡರಿನ ಎಂಜಿನ್ ಸ್ವಭಾವತಃ ಸ್ವಲ್ಪ ಅಲುಗುವುದರಿಂದ, ಮೌಂಟು ಹೋದರೆ ಆ ಅಲುಗಾಟ ನೇರವಾಗಿ ಕಾರಿನ ಮೈಗೆ ದಾಟುತ್ತದೆ. ಆಲ್ಟರ್ನೇಟರಿನ ಎರಡೂ ಬೇರಿಂಗುಗಳಿಗೆ ಕೆಲಸ ಸೇರಿ 1,600 ರೂಪಾಯಿ, ಮೌಂಟಿಗೆ 2,300 ರೂಪಾಯಿ ಆಯಿತು. ಹಳೆಯ ಬೇರಿಂಗುಗಳನ್ನು ಪೊಟ್ಟಣ ಕಟ್ಟಿ ನನ್ನ ಕೈಗೆ ಕೊಟ್ಟರು. ಈಗ ಗೇಟಿನಲ್ಲಿ ನಿಂತರೆ ಕಾರಿನೊಳಗೆ ಮಾತಾಡಲು ದನಿ ಏರಿಸಬೇಕಾಗಿಲ್ಲ.

ಕೊರತೆಗಳನ್ನೂ ಹೇಳಬೇಕು. ಮೌಂಟು ಮಂಗಳೂರಿನಿಂದ ಬರಬೇಕಾದ್ದರಿಂದ ನಾಲ್ಕು ದಿನ ಕಾದೆ, ತಡವಾಗುತ್ತದೆಂದು ಅವರಾಗಿ ಫೋನ್ ಮಾಡಲಿಲ್ಲ. ಬಿಲ್ಲನ್ನು ಕೇಳಿದ ಮೇಲಷ್ಟೇ ಬರೆದುಕೊಟ್ಟರು. ಮಳೆ ಜೋರಾದರೆ ಮಾಡಿನ ಒಂದು ಬದಿ ಸೋರುತ್ತದೆ. ಎಂಜಿನ್ ಬಿಚ್ಚಿಟ್ಟ ಗಾಡಿಯನ್ನು ಅಲ್ಲಿ ನಿಲ್ಲಿಸುವುದು ನನಗೆ ಒಪ್ಪಿಗೆಯಾಗಲಿಲ್ಲ, ಅದನ್ನು ಹೇಳಿಯೂ ಬಂದೆ. ಆದರೆ ಸಹಾಯಕನಿಗೆ ಮಲಯಾಳದಲ್ಲಿ, ಪಕ್ಕದ ಗಿರಾಕಿಗೆ ತುಳುವಿನಲ್ಲಿ, ನನಗೆ ಕನ್ನಡದಲ್ಲಿ ಒಂದೊಂದು ಭಾಗದ ಕೆಲಸವನ್ನೂ ಬಿಡಿಸಿ ಹೇಳಿದ ಅವರ ತಾಳ್ಮೆಯನ್ನು ನಾನು ಬೇರೆಡೆ ಕಂಡಿಲ್ಲ.

ಬೆಲ್ಟಿನ ಬಿಗಿಯನ್ನು ಮತ್ತೊಮ್ಮೆ ನೋಡಬೇಕು, 500 ಕಿಲೋಮೀಟರ್ ಓಡಿಸಿ ಬನ್ನಿ ಎಂದಿದ್ದರು. ಹೋದೆ; ನೋಡಿ, ಸ್ವಲ್ಪ ಬಿಗಿ ಮಾಡಿ, ಹಣ ಬೇಡವೆಂದರು. ಶುಕ್ರವಾರ ಮಧ್ಯಾಹ್ನ ಗ್ಯಾರೇಜು ಮುಚ್ಚಿರುತ್ತದೆ. ಸದ್ದಿನ ದೂರಿಗಾಗಿ ಹೋಗುವವರು ಹಿಂದಿನ ಸಂಜೆಯೇ ಕಾರನ್ನು ಬಿಟ್ಟು, ಬೆಳಿಗ್ಗೆ ಮೊದಲ ಸ್ಟಾರ್ಟಿನ ಹೊತ್ತಿಗೆ ತಾವೂ ಅಲ್ಲಿರುವುದು ಒಳ್ಳೆಯದು.