ಚಕಮಕಿ ಕಲ್ಲಿನ ಸೆಟ್: ಸಾಲಿ ಹುಡುಗ್ರಿಗೆ ತೋರ್ಸಾಕ ಬಾಳ ಛಲೋ ಐತ್ರಿ

ಗದಗಿನ ನಮ್ಮ ಸಾಲ್ಯಾಗ ಇತಿಹಾಸದ ಪಾಠಕ್ಕಂತ ಆನ್‌ಲೈನ್‌ನಾಗ ತರಿಸಿದ್ನಿರಿ, ಇಂಗ್ಲೆಂಡಿನ ಚಕಮಕಿ ಕಲ್ಲು, ಒಂದು ದೊಡ್ಡ ಗಡ್ಡಿ, ನಾಕು ಚಕ್ಕಿ. ಗಡ್ಡಿ ಮ್ಯಾಲೆ ಸುಣ್ಣ ಬಳದಂಗ ಬಿಳಿ ತೊಗಟಿ, ಒಡದಲ್ಲಿ ಮಾತ್ರ ಕರ್ರಗ ಗಾಜಿನಂಗ ಹೊಳೀತೈತಿ. ಚಕ್ಕಿ ಅಂಚಿಲೆ ಉಳ್ಳಾಗಡ್ಡಿ ಹೆಚ್ಚಿ ತೋರಿಸಿದ್ನಿ, ಈಳಗಿ ಮ್ಯಾಲೆ ಹೆಚ್ಚಿದಂಗ ಸರಕ್ಕನ ಹೋತು, ಹುಡುಗ್ರು ಬಾಯಿ ತಕ್ಕೊಂಡು ನೋಡಕೋತ ನಿಂತ್ರು!

ಇದೇ ಕಲ್ಲಿನ ಸಲುವಾಗಿ ಇಂಗ್ಲೆಂಡಿನ ನಾರ್ಫೋಕ್‌ನ ಗ್ರೈಮ್ಸ್ ಗ್ರೇವ್ಸ್ ಅನ್ನೂ ಜಾಗದಾಗ ಸುಮಾರು 4,500 ವರ್ಷದ ಹಿಂದ ಮಂದಿ ಜಿಂಕಿ ಕೊಂಬನ್ನ ಗುದ್ಲಿ ಮಾಡ್ಕೊಂಡು ಬಿಳಿ ಸುಣ್ಣದ ನೆಲ ಅಗದು 10 ಮೀಟರಿಗಿಂತ ಆಳ ಇಳದಾರ್ರಿ, ಮ್ಯಾಲಿನ ಪದರಿನ ಕಲ್ಲು ದಾಟಿ ತಳದಾಗಿನ ಛಲೋ ಕರಿ ಕಲ್ಲೇ ಬೇಕಂತ, ಅಂಥ ಕುಣಿ ಅಲ್ಲಿ 400ಕ್ಕಿಂತ ಹೆಚ್ಚ ಅದಾವ. ನಮ್ಮ ಬಳ್ಳಾರಿ ಕಡೆ ಸಂಗನಕಲ್ಲಿನಾಗೂ ನವಶಿಲಾಯುಗದಾಗ ಕಲ್ಲಗೊಡ್ಲಿ ಮಾಡ್ತಿದ್ರು, ಆದ್ರ ಅದು ಡಾಲರೈಟ್, ಬ್ಯಾರೆ ಕಲ್ಲು. ಎರಡೂ ಬಾಜೂಕ ಇಟ್ಟು ತೋರಿಸಿದ್ರ ಪಾಠ ತಲ್ಯಾಗ ಕುಂದರತೈತಿ.

ಪ್ಯಾಕಿಂಗ್ ಒಂದು ಸರಿ ಇಲ್ರಿ, ಚಕ್ಕಿ ಎಲ್ಲಾ ಒಂದ ತೆಳು ಕವರಿನಾಗ ತುರುಕಿದ್ರು, ಒಂದರ ತುದಿ ಮುರದಿತ್ತು, ಬಿಚ್ಚೂ ಮುಂದ ನನ್ನ ಬೆಟ್ಟು ಕೊಯ್ತು. ಹುಡುಗ್ರ ಕೈಯಾಗ ಕೊಡೂದಿದ್ರ ದಪ್ಪ ಅರಬಿ ಸುತ್ತಿ ಕೊಡ್ರಿ. ಸ್ಟಾರ್ ನಾಕು.