ತಾರಸಿಯ ಕೂಲ್ ರೂಫ್ ಪೇಂಟ್: ತಂಪು ನಿಜ, ತೊಳೆಯುವ ಕಷ್ಟ ಡಬ್ಬದ ಮೇಲಿಲ್ಲ

ಕೂಲ್ ರೂಫ್ ಪೇಂಟ್, ಅಂದರೆ ಬಿಸಿಲನ್ನು ವಾಪಸ್ ಕಳಿಸಲು ತಾರಸಿಗೆ ಹೊಡೆಸುವ ಬಿಳಿ ಪೇಂಟ್, ಕೆಲಸ ಮಾಡುತ್ತದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬೈಗುಳ ಜಾಸ್ತಿ ಇದೆ. ಲೀಟರಿಗೆ ಎಷ್ಟು ಚದರಡಿ, ಎಷ್ಟು ಕೋಟ್, ಒಣಗಲು ಎಷ್ಟು ಹೊತ್ತು ಅನ್ನುವುದೆಲ್ಲ ನೀವು ಓದಿಯೇ ಇರುತ್ತೀರಿ, ಬಿಡಿ. ಹಲವು ಬೇಸಿಗೆ ಅದರ ಕೆಳಗೆ ಮಲಗಿ ಎದ್ದವನ ಅನುಭವ ಇದು.

ನನ್ನ ಕೋಣೆ ಮೇಲಿನ ಮಹಡಿಯಲ್ಲಿದೆ. ತಲೆಯ ಮೇಲೆ ನೇರ ಸ್ಲ್ಯಾಬ್. ಎಸಿ ಇಲ್ಲ, ಹಾಕಿಸುವ ಬಜೆಟ್ಟೂ ಇಲ್ಲ. ಇದ್ದರೂ ನನಗೆ ಅದರ ಗಾಳಿ ಆಗಿಬರುವುದಿಲ್ಲ. ಇಂಥ ಕೋಣೆಯಲ್ಲಿ ಮಲಗುವವರಿಗೆ ಗೊತ್ತು, ಸೆಕೆ ಮಧ್ಯಾಹ್ನಕ್ಕಿಂತ ರಾತ್ರಿ ಹೆಚ್ಚು ಕಾಡುತ್ತದೆ. ಕಾಂಕ್ರೀಟು ಹಗಲೆಲ್ಲ ಕಾಯುತ್ತದೆ. ಆ ಕಾವು ಮೇಲಿನಿಂದ ಇಳಿದು ಒಳಮೈಗೆ ಬರಲು ಹಲವು ಗಂಟೆ ಹಿಡಿಯುತ್ತದೆ. ಹೊರಗೆ ಗಾಳಿ ತಣ್ಣಗಾಗಿ ನಾವು ಮಲಗುವ ಹೊತ್ತಿಗೆ ಸರಿಯಾಗಿ ಅದು ಒಳಗೆ ಬಂದು ತಲುಪುತ್ತದೆ. ಫ್ಯಾನ್ ಹಾಕಿದರೆ ಛಾವಣಿಯ ಕೆಳಗಿನ ಬಿಸಿ ಗಾಳಿಯನ್ನೇ ಮೈಮೇಲೆ ಸುರಿಯುತ್ತದೆ.

ಪೇಂಟ್ ಹೊಡೆಸಿದ ಮೊದಲ ಬೇಸಿಗೆಯಲ್ಲಿ ಈ ಕಾಟವೇ ಹೋಯಿತು. ಮಲಗುವ ಮುಂಚೆ ಸ್ಟೂಲ್ ಹತ್ತಿ ಛಾವಣಿಗೆ ಅಂಗೈ ಒತ್ತಿ ನೋಡುವುದು ನನಗೊಂದು ಚಟವಾಗಿಬಿಟ್ಟಿತು. ಮೊದಲೆಲ್ಲ ಆಗಷ್ಟೇ ಇಸ್ತ್ರಿ ಮಾಡಿದ ಬಟ್ಟೆ ಮುಟ್ಟಿದ ಹಾಗಿರುತ್ತಿತ್ತು. ಈಗ ಛಾವಣಿಗೂ ಗೋಡೆಗೂ ವ್ಯತ್ಯಾಸವೇ ಗೊತ್ತಾಗುತ್ತಿರಲಿಲ್ಲ. ಮನೆಯವರು ನಕ್ಕರು, ನಗಲಿ. ಥರ್ಮಾಮೀಟರಿಗಿಂತ ನನಗೆ ಅಂಗೈ ಮೇಲೆಯೇ ನಂಬಿಕೆ.

ಇನ್ನೊಂದು ಖುಷಿ ನಾನು ಎಣಿಸಿಯೇ ಇರಲಿಲ್ಲ. ಒಣಗಿದ ಬಟ್ಟೆ ತರಲು ಮಧ್ಯಾಹ್ನ ಬರಿಗಾಲಲ್ಲಿ ಹೋದರೆ ಮೊದಲು ಕುಣಿದುಕೊಂಡೇ ವಾಪಸ್ ಬರಬೇಕಿತ್ತು. ಈಗ ಅಲ್ಲೇ ನಿಂತು ಒಂದೊಂದಾಗಿ ಮಡಚಿ ತರುತ್ತೇನೆ. ಕಣ್ಣು ಮಾತ್ರ ಕುಕ್ಕುತ್ತದೆ. ಬಾಗಿಲ ಹತ್ತಿರ ಮೊಳೆಗೆ ಒಂದು ಕಪ್ಪು ಕನ್ನಡಕ ನೇತುಹಾಕಿದ್ದೇನೆ. ನಿಮ್ಮ ತಾರಸಿಗಿಂತ ಎತ್ತರದಲ್ಲಿ ಯಾರದ್ದಾದರೂ ಕಿಟಕಿ ಇದ್ದರೆ ಅವರಿಗೆ ಮೊದಲೇ ಒಂದು ಮಾತು ಹೇಳಿಡಿ.

ಇಲ್ಲಿಯವರೆಗೆ ಎಲ್ಲ ಸರಿ. ಎರಡನೇ ಬೇಸಿಗೆಯಲ್ಲಿ ಛಾವಣಿ ಮತ್ತೆ ಬೆಚ್ಚಗಾಗತೊಡಗಿತು. ಪೇಂಟ್ ಕಿತ್ತುಬಂದಿರಲಿಲ್ಲ, ಬಿರುಕೂ ಇರಲಿಲ್ಲ. ಮೇಲೆ ಹೋಗಿ ನೋಡಿದರೆ ಬೆಳ್ಳಗೇ ಇತ್ತು, ಕನಿಷ್ಠ ನನಗೆ ಹಾಗೆ ಕಂಡಿತು. ಒಂದು ದಿನ ಮೂಲೆಯಲ್ಲಿ ಬಿದ್ದಿದ್ದ ಹಳೆಯ ಪ್ಲೈವುಡ್ ತುಂಡು ಎತ್ತಿದೆ. ಅದರ ಅಡಿಯ ಜಾಗ ನಿಜವಾದ ಬಿಳುಪು. ಸುತ್ತಲಿನದು ಮಾಸಲು ಬೂದು. ಮರುದಿನ ಮಧ್ಯಾಹ್ನ ಒಂದು ಕೈ ಅಲ್ಲಿ, ಒಂದು ಕೈ ಇಲ್ಲಿ ಇಟ್ಟು ನೋಡಿದೆ. ಬಿಳಿ ಕಡೆ ಕೈ ಆರಾಮಾಗಿ ನಿಂತಿತು. ಬೂದು ಕಡೆಯಿಂದ ಎತ್ತಿಕೊಳ್ಳಬೇಕಾಯಿತು.

ಧೂಳು. ಇಷ್ಟೇ ಸಮಸ್ಯೆ. ಆದರೆ ಲೆಕ್ಕ ಹಾಕಿ ನೋಡಿ. ಸುಡುಬಿಸಿಲಲ್ಲಿ ಒಂದು ಚದರ ಮೀಟರಿಗೆ ಸುಮಾರು 1000 ವ್ಯಾಟ್ ಬೀಳುತ್ತದೆ. ಹಳೆಯ ಬೂದು ಕಾಂಕ್ರೀಟು ಅದರಲ್ಲಿ 700ರಷ್ಟನ್ನು ನುಂಗುತ್ತದೆ. ಹೊಸ ಬಿಳಿ ಪೇಂಟ್ ಶೇಕಡ 80ರಷ್ಟು ವಾಪಸ್ ಕಳಿಸುತ್ತದೆ, ಉಳಿಯುವುದು 200. ಧೂಳು ಕೂತು 80 ಇದ್ದದ್ದು 60ಕ್ಕೆ ಇಳಿಯಿತು ಅಂದುಕೊಳ್ಳಿ. ಕೇಳಲು ಸ್ವಲ್ಪವೇ ಅನ್ನಿಸುತ್ತದೆ ಅಲ್ವಾ? ಆದರೆ ಸ್ಲ್ಯಾಬ್ ನುಂಗುವ ಬಿಸಿ 200ರಿಂದ 400ಕ್ಕೆ ಏರಿತು. ನೇರ ಎರಡು ಪಟ್ಟು.

ಇದು ಪೇಂಟ್ ಮಾಡುವವರಿಗೆ ಗೊತ್ತಿಲ್ಲದ ವಿಷಯವಲ್ಲ. ಅಮೆರಿಕದ ಕೂಲ್ ರೂಫ್ ರೇಟಿಂಗ್ ಕೌನ್ಸಿಲ್ ತಾನು ರೇಟಿಂಗ್ ಕೊಡುವ ಪ್ರತಿ ಪೇಂಟಿಗೂ, ಅದು ಎಷ್ಟು ಬಿಸಿಲು ವಾಪಸ್ ಕಳಿಸುತ್ತದೆ ಅನ್ನುವುದಕ್ಕೆ ಎರಡು ಅಂಕಿ ಕೊಡುತ್ತದೆ. ಒಂದು ಹೊಸದಾಗಿದ್ದಾಗಿನದು, ಇನ್ನೊಂದು ಮೂರು ವರ್ಷ ಬಿಸಿಲು ಮಳೆಗೆ ಒಡ್ಡಿದ ಮೇಲಿನದು. ಮಾದರಿಗಳನ್ನು ಫ್ಲಾರಿಡಾದ ತೇವದಲ್ಲಿ, ಅರಿಜೋನಾದ ಒಣ ಬಿಸಿಲಲ್ಲಿ, ಒಹಾಯೋದ ಹೊಗೆ ಗಾಳಿಯಲ್ಲಿ ಇಟ್ಟು ಅಳೆಯುತ್ತಾರೆ. ನನ್ನ ಡಬ್ಬದ ಮೇಲೆ ದೊಡ್ಡದಾಗಿ ಅಚ್ಚಾಗಿದ್ದದ್ದು ಮೊದಲನೇ ಅಂಕಿ ಮಾತ್ರ. ಅಂಗಡಿಯವರನ್ನು ಎರಡನೆಯದು ಕೇಳಿದರೆ, "ವಾರಂಟಿ ಇದೆ ಸರ್" ಅಂದರು. ಪೇಂಟ್ ಸುಲಿದುಬಂದರೆ ವಾರಂಟಿ ಇದೆ, ಮಾಸಿದರೆ ಇಲ್ಲ.

ಪರ್ಡ್ಯೂ ವಿಶ್ವವಿದ್ಯಾಲಯದವರು 2021ರಲ್ಲಿ ಬೇರಿಯಂ ಸಲ್ಫೇಟಿನಿಂದ ಮಾಡಿದ ಬಿಳಿ ಪೇಂಟ್ ಶೇಕಡ 98.1ರಷ್ಟು ಬಿಸಿಲು ವಾಪಸ್ ಕಳಿಸುತ್ತದೆ ಅನ್ನುವ ಸುದ್ದಿಯನ್ನು ನನಗೆ ಆಗಾಗ ಯಾರಾದರೂ ಕಳಿಸುತ್ತಾರೆ. ಒಳ್ಳೆಯದೇ. ಅದರ ಮೇಲೂ ಧೂಳು ಕೂರುತ್ತದಲ್ಲ ಮಾರಾಯ್ರೇ!

ಹಾಗಾಗಿ ಈಗ ತೊಳೆಯುವುದೇ ನನ್ನ ಕೆಲಸ. ಬಿಸಿಲು ಏರುವ ಮೊದಲೇ ಮೇಲೆ ಹೋಗುತ್ತೇನೆ. ಮೊದಲು ಒಣಗಿದ್ದಾಗಲೇ ಪೊರಕೆ. ಇದನ್ನು ಬಿಟ್ಟು ನೀರು ಹಾಕಿದರೆ ಧೂಳು ಕೆಸರಾಗಿ ಇನ್ನಷ್ಟು ಮೆತ್ತಿಕೊಳ್ಳುತ್ತದೆ. ಆಮೇಲೆ ಅರ್ಧ ಬಕೆಟ್ ನೀರಿಗೆ ಸ್ವಲ್ಪ ಪಾತ್ರೆ ಸೋಪು. ಉದ್ದ ಹಿಡಿಯ ಮೆತ್ತನೆ ಬ್ರಷ್ಷು, ತಂತಿ ಬ್ರಷ್ ಬೇಡವೇ ಬೇಡ. ಎತ್ತರದ ಕಡೆಯಿಂದ ಶುರುಮಾಡಿ ನೀರು ಹೋಗುವ ಪೈಪಿನ ಕಡೆಗೆ ಪಟ್ಟಿ ಪಟ್ಟಿಯಾಗಿ ಇಳಿಯುತ್ತೇನೆ. ಬೂದು ನೀರು ಇಳಿಜಾರಲ್ಲಿ ಹರಿದು ಹೋದ ಹಿಂದೆಯೇ ಬಿಳಿ ಪಟ್ಟಿ ಏಳುತ್ತದೆ. ಒಪ್ಪಿಕೊಳ್ಳಬೇಕು, ಅದನ್ನು ನೋಡಲು ಬಹಳ ಹಿತ. ಸೊಂಟ ಮಾತ್ರ ಸಂಜೆವರೆಗೆ ನೋಯುತ್ತದೆ. ಬೇಸಿಗೆ ಶುರುವಿಗೆ ಒಮ್ಮೆ, ನಡುವೆ ಒಮ್ಮೆ ತೊಳೆದರೆ ಸಾಕು. ಒಂದು ಜೋರು ಮಳೆ ಬಂದರೆ ಅರ್ಧ ಕೆಲಸ ಅದೇ ಮಾಡಿಕೊಡುತ್ತದೆ.

ಎಚ್ಚರ: ಬೆಳಗಿನ ಹೊತ್ತು ಕಾಲು ಜಾರುತ್ತದೆ. ಹಗಲು ಕಾಯದ ತಾರಸಿ ರಾತ್ರಿ ಆಕಾಶಕ್ಕೆ ಶಾಖ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ, ಮೇಲೆ ಇಬ್ಬನಿ ಕೂರುತ್ತದೆ. ಆಕಾಶ ತಿಳಿಯಾಗಿದ್ದಷ್ಟೂ ಇದು ಚೆನ್ನಾಗಿ ನಡೆಯುತ್ತದೆ. ಮೋಡ ಮುಚ್ಚಿದ ಜಿಗುಟು ರಾತ್ರಿಗಳಲ್ಲಿ ನಡೆಯುವುದಿಲ್ಲ, ಆ ದಿನ ಈ ಪೇಂಟನ್ನು ಬೈಯಬೇಡಿ. ಹೊಳೆಯುವ ಅಲ್ಯೂಮಿನಿಯಂ ಪೇಂಟೂ ಇದೇ ಕೆಲಸ ಮಾಡುತ್ತದೆ ಅನ್ನುವವರಿದ್ದಾರೆ. ಅದು ಬಿಸಿಲನ್ನೇನೋ ತಳ್ಳುತ್ತದೆ, ಆದರೆ ಒಳಗೆ ಸೇರಿದ ಶಾಖವನ್ನು ಬಿಳಿ ಪೇಂಟಿನಷ್ಟು ಸುಲಭವಾಗಿ ಹೊರಗೆ ಬಿಡುವುದಿಲ್ಲ.

ಕೆಳಗಿನ ಮಹಡಿಯವರಿಗೆ ಇದರಿಂದ ಹೇಳಿಕೊಳ್ಳುವಂಥ ಲಾಭ ಇಲ್ಲ. ಪಶ್ಚಿಮದ ಕಿಟಕಿಯಿಂದ ನುಗ್ಗುವ ಬಿಸಿಲಿಗೂ ಇದು ಮದ್ದಲ್ಲ, ಅದಕ್ಕೆ ಹೊರಗಡೆ ನೆರಳು ಕಟ್ಟಬೇಕು. ಕೋಣೆ ಎಸಿಯಷ್ಟು ತಂಪಾಗುವುದೂ ಇಲ್ಲ, ಕೆಲವು ಡಿಗ್ರಿ ಇಳಿಯುತ್ತದೆ ಅಷ್ಟೇ. ಆದರೆ ಫ್ಯಾನ್ ಗಾಳಿಯಲ್ಲಿ ನಿದ್ದೆ ಬರುವುದಕ್ಕೂ ಬಾರದಿರುವುದಕ್ಕೂ ನಡುವೆ ಇರುವುದೇ ಆ ಕೆಲವು ಡಿಗ್ರಿ. ಕರೆಂಟ್ ಹೋದ ರಾತ್ರಿಯೂ ಇದರ ಕೆಲಸ ನಿಲ್ಲುವುದಿಲ್ಲ, ಎಸಿಗೆ ಆ ಮಾತು ಹೇಳಲಾಗದು.

ಹೊಸ ಕೋಟ್ ಹೊಡೆಸುವ ಕಾಲ ಹತ್ತಿರ ಬಂದಿದೆ. ನೀರಿನ ಟ್ಯಾಂಕಿನ ಸುತ್ತ ಜಿನುಗಿ ಜಿನುಗಿ ಪಾಚಿ ಕಟ್ಟುತ್ತದೆ, ಅಲ್ಲಿಗೆ ಮಾತ್ರ ಈ ಸಲ ಬಿಳಿ ಟೈಲ್ಸ್ ಹಾಕಿಸುತ್ತೇನೆ. ಉಜ್ಜಲು ಸುಲಭ. ಉಳಿದ ಕಡೆಗೆ ಮತ್ತೆ ಪೇಂಟೇ. ಐದಕ್ಕೆ ಮೂರೂವರೆ ಸ್ಟಾರ್ ಕೊಡುತ್ತಿದ್ದೇನೆ. ಮೂರು ವರ್ಷದ ಅಂಕಿಯನ್ನೂ ಡಬ್ಬದ ಮೇಲೆ ಹಾಕಿದ್ದರೆ ಇನ್ನೊಂದು ಸ್ಟಾರ್ ಸೇರಿಸುತ್ತಿದ್ದೆ.