ಸ್ಪೀಕರ್ ಗರಗರ ಅಂದ್ರೆ ಸ್ಪೀಕರೇ ಹೋಗಿದೆ ಅಂತ ನಂಬಬೇಡಿ, ನಾನು ನಂಬಿ ಕೆಟ್ಟೆ

ಮೂರು ವಾರದಿಂದ ಹೊಟ್ಟೆ ಉರೀತಿದೆ, ಬರೆದೇ ಬಿಡ್ತೀನಿ. ಕಾರಿನ ಸ್ಟೀರಿಯೋ ರಿಪೇರಿಗೆ ಹೊರಟವರು ಇದನ್ನ ಓದಿ ಆಮೇಲೆ ಹೋಗಿ.

ಡ್ರೈವರ್ ಪಕ್ಕದ ಡೋರ್ ಸ್ಪೀಕರ್ ಗರಗರ ಅಂತಿತ್ತು. ವಾಲ್ಯೂಮ್ ಸ್ವಲ್ಪ ಏರಿಸಿದ್ರೆ, ಗಾಡಿ ಗುಂಡಿಗೆ ಇಳಿದ್ರೆ, ಹಾಡು ಹರಿದ ಬಟ್ಟೆ ಥರ. ಇನ್ನೊಂದು ಪಕ್ಕದ್ದು ಮಾತ್ರ ಚೊಕ್ಕ. ಅಂಗಡಿಗೆ ಹೋದೆ. ಅವನು ಡೋರ್ ತೆಗೆದು, ಪ್ಯಾನೆಲ್ ಬಿಚ್ಚಿ, ಹಾಡು ಹಾಕಿದ. ಚೆನ್ನಾಗೇ ಬಂತು! "ತಡೀರಿ ಸಾರ್" ಅಂತ ಬಾಸ್ ಪೂರ್ತಿ ಏರಿಸಿ, ಬಾಸ್ ಇನ್ನೂ ಉಬ್ಬಿಸೋ ಲೌಡ್‌ನೆಸ್ ಬಟನ್ ಆನ್ ಮಾಡಿ, ವಾಲ್ಯೂಮ್ ಕೊನೆ ಮುಟ್ಟಿಸಿದ. ಆಗ ಸೌಂಡ್ ಒಡೀತು. "ನೋಡಿದ್ರಾ?" ಅಂದ. ಅಲ್ಲ ಸ್ವಾಮಿ, ಹಾಗೆ ಮಾಡಿದ್ರೆ ಯಾವ ಸ್ಪೀಕರ್‌ನ ಸೌಂಡ್ ಒಡೆಯಲ್ಲ? ಸ್ಟೀರಿಯೋ ಕೊಡೋ ಸಿಗ್ನಲ್ಲೇ ಕ್ಲಿಪ್ ಆಗಿ, ಅಂದ್ರೆ ಮಿತಿ ಮೀರಿ ತುದಿ ಕತ್ತರಿಸಿಹೋಗಿ, ಒಡೆದಿರುತ್ತೆ. ಆದ್ರೆ ಇದು ಆವತ್ತು ನನ್ನ ತಲೆಗೆ ಹೊಳೀಲಿಲ್ಲ.

ಆಮೇಲೆ ಮಾಡಿದ್ದು ಇನ್ನೂ ಚೆಂದ. ಸ್ಪೀಕರ್‌ನಲ್ಲಿ ಅದುರೋ ಮುಂಭಾಗ ಇದೆಯಲ್ಲ, ಕೋನ್, ಅದರ ಒಂದು ಅಂಚಿಗೆ ಹೆಬ್ಬೆರಳು ಇಟ್ಟು ಒತ್ತಿದ. ಒಳಗೆ ಸರ್ರ್ ಅಂತ ಉಜ್ಜಿದ ಸದ್ದು. "ಕೇಳಿ ಸಾರ್, ಕಾಯಿಲ್ ಸುಟ್ಟು ಉಬ್ಬಿದೆ, ಉಜ್ಜುತ್ತಿದೆ." ಕಾಯಿಲ್ ಅಂದ್ರೆ ಕೋನ್ ಹಿಂದಿರೋ ತಂತಿ ಸುರುಳಿ. ನಾನೂ ಕಿವಿ ಹತ್ತಿರ ತಗೊಂಡು ಹೋಗಿ, ಹೌದು ಹೌದು ಅಂತ ತಲೆ ಆಡಿಸಿದೆ. ಅದನ್ನ ನೆನೆಸಿಕೊಂಡ್ರೆ ಈಗಲೂ ಮುಖ ಬಿಸಿಯಾಗುತ್ತೆ. ಒಂದೇ ಕಡೆ ಒತ್ತಿದ್ರೆ ಕೋನ್ ವಾಲುತ್ತೆ, ಹೊಸ ಸ್ಪೀಕರ್‌ನಲ್ಲೂ ಕಾಯಿಲ್ ಉಜ್ಜಬಹುದು. ಎರಡೂ ಕಡೆ ಬೆರಳಿಟ್ಟು ಸಮವಾಗಿ, ಮೆಲ್ಲಗೆ ಒತ್ತಬೇಕು. ಆಗಲೂ ಉಜ್ಜಿದ್ರೆ ಮಾತ್ರ ಅನುಮಾನ ಪಡಬೇಕು.

ಜೋಡಿ ಸ್ಪೀಕರ್ ಹಾಕಿಸಿದೆ. "ಒಂದೇ ಹಾಕಿದ್ರೆ ಸೌಂಡ್ ಮ್ಯಾಚ್ ಆಗಲ್ಲ ಸಾರ್." ಅಂಗಡೀಲಿ ಕೇಳಿದಾಗ ಬಂಗಾರದಂಥ ಸೌಂಡ್. ದುಡ್ಡು ಕೊಟ್ಟು, ಡೋರ್ ಹಾಕಿಕೊಂಡು ರಸ್ತೆಗೆ ಬಂದೆ. ಗರಗರ. ಅದೇ ಪಕ್ಕ, ಅದೇ ಸದ್ದು.

ಹೊಸ ಸ್ಪೀಕರ್‌ನಲ್ಲೂ ಅದೇ ಸದ್ದು ಅಂದ್ಮೇಲೆ ತಪ್ಪು ಸ್ಪೀಕರ್‌ದಲ್ಲ ಅಂತ ಮಗುವಿಗೂ ಗೊತ್ತಾಗಬೇಕು. ನನಗೆ ಗೊತ್ತಾಗಲಿಲ್ಲ. ವಾಪಸ್ ಹೋದೆ. "ಸ್ಟೀರಿಯೋ ಕೊಡೋ ಪವರ್ ಸಾಲ್ತಿಲ್ಲ ಸಾರ್. ಮೇಲೆ 50 ವಾಟ್ ಅಂತ ಬರೆದಿರ್ತಾರೆ, ನಿಜವಾಗಿ 20 ಬಂದ್ರೆ ಹೆಚ್ಚು. ಆಂಪ್ ಹಾಕಿಸಿ." ವಾಟ್ ವಿಷಯ ನಿಜವೇ, ಆ 50 ಅನ್ನೋದು ಕ್ಷಣಕಾಲದ ಲೆಕ್ಕ. ನಿಜ ಬೆರೆಸಿ ಹೇಳಿದ್ದಕ್ಕೇ ಬಿದ್ದೆ. ಅದೇ ಸ್ಟೀರಿಯೋದಿಂದ ಇನ್ನೊಂದು ಪಕ್ಕಕ್ಕೆ ಪವರ್ ಹೇಗಪ್ಪಾ ಸಾಲ್ತಿದೆ ಅಂತ ಕೇಳೋಕೆ ನನಗೆ ನಾಲಿಗೆ ಇರಲಿಲ್ವಾ? ಆಂಪ್, ಅಂದ್ರೆ ಸ್ಪೀಕರ್‌ಗೆ ಪವರ್ ಏರಿಸಿ ಕೊಡೋ ಡಬ್ಬ, ಬಂತು. "ಹೊಸ ವೈರ್ ಎಳೆದಿದ್ದೀವಿ" ಅಂದ. ಅಂಗಡೀಲಿ ಮತ್ತೆ ಬಂಗಾರ, ರಸ್ತೇಲಿ ಮತ್ತೆ ಗರಗರ. ಫೋನ್ ಮಾಡಿದ್ರೆ "ಸೆಟ್ ಆಗೋಕೆ ಟೈಮ್ ಬೇಕು ಸಾರ್." ಇನ್ನೊಂದ್ಸಲ ಮಾಡಿದ್ರೆ "ನೀವು ಹಾಕೋ ಹಾಡಿನ ಕ್ವಾಲಿಟಿ ನೋಡ್ಕೊಳ್ಳಿ." ಹಾಡಿನ ಕ್ವಾಲಿಟಿ ಒಂದೇ ಡೋರಲ್ಲಿ ಕೆಡುತ್ತಾ?

ಕೊನೆಗೆ ಒಂದು ಭಾನುವಾರ ಡೋರ್ ತೆಗೆದಿಟ್ಟು ಒಳಗೆ ಒರೆಸ್ತಿದ್ದೆ. ಹಾಡು ಸ್ಪಷ್ಟ. ಡೋರ್ ಹಾಕಿದೆ, ಗರಗರ. ತೆಗೆದೆ, ಸ್ಪಷ್ಟ. ಹತ್ತು ಸಲ ತೆಗೆದು ಹಾಕಿದೆ, ನೋಡಿದವರು ಹುಚ್ಚು ಅಂದುಕೊಂಡಿರಬೇಕು. ಡೋರಿಗೂ ಬಾಡಿಗೂ ಮಧ್ಯೆ ಮಡಚೋ ರಬ್ಬರ್ ಕೊಳವೆ ಇದೆಯಲ್ಲ, ಅದನ್ನ ಎಳೆದು ನೋಡಿದ್ರೆ ಒಳಗೆ ಸ್ಪೀಕರ್ ವೈರ್ ತುಂಡಾಗಿ ಎರಡೇ ಎರಡು ಎಳೆ ಹಿಡಿದುಕೊಂಡಿದೆ. ಹಳೇ ವೈರ್! ಹೊಸದು ಡ್ಯಾಶ್ ಕೆಳಗಿನವರೆಗೆ ಬಂದು, ಅಲ್ಲಿ ಹಳೇದಕ್ಕೇ ಟೇಪ್ ಸುತ್ತಿ ಕೂತಿದೆ. ಡೋರ್ ಹಾಕಿದ್ರೆ ಆ ಎಳೆಗಳು ಮಡಚಿ ಸಂಪರ್ಕ ತಪ್ತಿತ್ತು. ಅಂಗಡೀಲಿ ಡೋರ್ ಸದಾ ತೆಗೆದೇ ಇರುತ್ತಿತ್ತು, ಅದಕ್ಕೇ ಅಲ್ಲಿ ಚೆನ್ನಾಗಿ ಕೇಳ್ತಿತ್ತು. ಗೇಣುದ್ದ ವೈರ್ ಬೆಸುಗೆ ಹಾಕಿದೆ, ಮುಗೀತು.

ಪುಣ್ಯಕ್ಕೆ ಹಳೇ ಸ್ಪೀಕರ್‌ಗಳನ್ನ ಜಗಳ ಆಡಿ ಇಸ್ಕೊಂಡಿದ್ದೆ. "ಸುಟ್ಟ" ಸ್ಪೀಕರ್‌ಗೆ ಮಲ್ಟಿಮೀಟರ್ ಹಿಡಿದ್ರೆ 3.6 ಓಮ್. ಓಮ್ ಅಂದ್ರೆ ಕಾಯಿಲ್ ಕರೆಂಟಿಗೆ ಒಡ್ಡೋ ತಡೆಯ ಅಳತೆ; 4 ಓಮ್ ಅಂತ ಬರೆದಿರೋ ಸ್ಪೀಕರ್‌ಗೆ ಮೀಟರ್‌ನಲ್ಲಿ ಬರಬೇಕಾದ್ದೇ ಸುಮಾರು ಅಷ್ಟು. ಈಗ ಮನೇಲಿ ಹಾಡ್ತಿದೆ, ಒಂದು ಚೂರೂ ಉಜ್ಜಲ್ಲ.

ನೀವು ಮೊದಲು ಸ್ಟೀರಿಯೋದಲ್ಲಿ ಎಡ ಬಲಕ್ಕೆ ಸೌಂಡ್ ಹಂಚೋ ಬ್ಯಾಲೆನ್ಸ್ ಆಚೀಚೆ ತಿರುಗಿಸಿ ಯಾವ ಪಕ್ಕ ಅಂತ ನೋಡಿ. ಎಡ ಬಲದ ಸ್ಪೀಕರ್ ಅದಲುಬದಲು ಮಾಡಿಸಿ: ಸದ್ದು ಸ್ಪೀಕರ್ ಜೊತೆ ಹೋದ್ರೆ ಸ್ಪೀಕರ್, ಅಲ್ಲೇ ಉಳಿದ್ರೆ ವೈರ್ ಇಲ್ಲಾ ಸ್ಟೀರಿಯೋ. ಡೋರ್ ಹಾಕಿಯೂ ಕೇಳಿ, ತೆಗೆದೂ ಕೇಳಿ. ಹಳೇ ಸಾಮಾನು ಬಿಟ್ಟು ಬರಬೇಡಿ. ಬಾಸ್ ಪೂರ್ತಿ ಏರಿಸೋಕೆ ಕೈ ಹಾಕಿದ್ರೆ ಆ ಕೈ ಹಿಡೀರಿ.

ತುಂಡು ವೈರಿನ ಫೋಟೋ ಅವನಿಗೆ ಕಳಿಸಿದೆ. ಉತ್ತರ ಬಂತು: "ಸರಿಹೋಯ್ತಲ್ಲ ಸಾರ್, ಬಿಡಿ. ಈಗ ಒಂದು ಸಬ್‌ವೂಫರ್ ಹಾಕಿಸಿ, ಸೂಪರ್ ಆಗಿರುತ್ತೆ."